ಸ್ಪೇನಿನಲ್ಲಿ ಪ್ರಶ್ನೆ ಕೇಳುವಾಗ ಇಂಗ್ಲಿಷನ್ನು ಪಕ್ಕಕ್ಕಿಡಿ

ಸ್ಪೇನಿಗೆ ಬಂದ ನಮ್ಮವರು ಪದ ಗೊತ್ತಿಲ್ಲದೆ ಒದ್ದಾಡುವುದಕ್ಕಿಂತ ಪ್ರಶ್ನೆ ಕಟ್ಟಲು ಹೋಗಿ ಒದ್ದಾಡುವುದೇ ಹೆಚ್ಚು. ನಾನೂ ಹಾಗೇ ಇದ್ದೆ. ಮನಸ್ಸಿನಲ್ಲಿ ಮೊದಲು ಇಂಗ್ಲಿಷ್ ವಾಕ್ಯ, ಆಮೇಲೆ ಅದರ ಅನುವಾದ. ‘ಡೂ ಯು’ಗೆ ಸ್ಪ್ಯಾನಿಷಿನಲ್ಲಿ ಏನನ್ನುತ್ತಾರೆ ಎಂದು ತಡಕಾಡುವಷ್ಟರಲ್ಲಿ ಅಂಗಡಿಯವರು ನನ್ನ ಹಿಂದಿದ್ದವರ ಕಡೆ ತಿರುಗಿರುತ್ತಿದ್ದರು. ವಲೆನ್ಸಿಯಾದಲ್ಲಿ ಇಷ್ಟು ವರ್ಷ ಕಳೆದ ಮೇಲೆ ಖಚಿತವಾಗಿ ಹೇಳುತ್ತೇನೆ: ಕನ್ನಡದಲ್ಲಿ ಯೋಚಿಸಿ ಕೇಳಿ, ಅರ್ಧ ಕೆಲಸ ಆಗಿಬಿಡುತ್ತದೆ.

‘ಬರ್ತೀಯಾ?’ ಎನ್ನುವಾಗ ನಾವು ‘ನೀನು’ ಸೇರಿಸುವುದಿಲ್ಲ. ಇವರೂ ಅಷ್ಟೇ, ‘ಬಿಯೆನೆಸ್?’ ಅಂದರೆ ಸಾಕು. ‘ಹಾಲು ಇದೆಯಾ?’ಗೆ ‘ತಿಯೆನೆಸ್ ಲೆಚೆ?’. ನಮ್ಮ ‘ಆ’ ಮಾಡುವ ಕೆಲಸವನ್ನು ಇಲ್ಲಿ ಏರುವ ದನಿ ಮಾಡುತ್ತದೆ, ಪದಗಳು ಕದಲಬೇಕಾಗಿಯೇ ಇಲ್ಲ. ಬರೆಯುವಾಗ ದನಿ ಕೇಳಿಸುವುದಿಲ್ಲವಲ್ಲ, ಅದಕ್ಕೇ ವಾಕ್ಯದ ಆರಂಭದಲ್ಲೇ ತಲೆಕೆಳಗಾದ ಪ್ರಶ್ನೆ ಚಿಹ್ನೆ. 1754ರಲ್ಲಿ ಇಲ್ಲಿನ ರಾಜಮನ್ನಣೆಯ ಭಾಷಾ ಅಕಾಡೆಮಿ ತಂದ ನಿಯಮ ಅದು.

‘ಎಲ್ಲಿಂದ’, ‘ಯಾರ ಜೊತೆ’, ‘ಎಷ್ಟು ಗಂಟೆಗೆ’ ಎಂದು ನಾವು ವಿಭಕ್ತಿಯನ್ನು ಪ್ರಶ್ನೆಪದಕ್ಕೇ ಅಂಟಿಸುತ್ತೇವೆ. ಇವರು ಅದನ್ನು ಮುಂದೆ ಇಡುತ್ತಾರೆ, ಅಷ್ಟೇ ವ್ಯತ್ಯಾಸ: ‘ದೆ ದೋಂದೆ’, ‘ಕೋನ್ ಕಿಯೆನ್’, ‘ಆ ಕೆ ಓರಾ’. ಇಂಗ್ಲಿಷಿನಂತೆ ವಾಕ್ಯದ ಕೊನೆಯಲ್ಲಿ ‘ಫ್ರಮ್’ ನೇತುಹಾಕಿದರೆ ಯಾರಿಗೂ ಅರ್ಥವಾಗುವುದಿಲ್ಲ.

ಕನ್ನಡ ಕೈಕೊಡುವ ಜಾಗಗಳೂ ಇವೆ. ಜಾಗ ಕೇಳುವಾಗ ನಮ್ಮ ಒಂದೇ ‘ಇದೆ’ಗೆ ಇಲ್ಲಿ ಎರಡು ಪದ, ‘ಆಯ್’ ಮತ್ತು ‘ಎಸ್ತಾ’. ಹತ್ತಿರದಲ್ಲಿ ಯಾವುದಾದರೂ ಬ್ಯಾಂಕ್ ಇದೆಯೇ ಎಂದು ಕೇಳಲು ‘ಆಯ್ ಉನ್ ಬಾನ್ಕೊ ಪೊರ್ ಅಕಿ?’, ಗೊತ್ತಿರುವ ಮಾರುಕಟ್ಟೆ ಎಲ್ಲಿದೆ ಎಂದು ಕೇಳಲು ‘ದೋಂದೆ ಎಸ್ತಾ ಎಲ್ ಮೆರ್ಕಾದೊ?’. ಫೋನ್ ನಂಬರ್ ‘ಏನು’ ಎನ್ನಬೇಡಿ, ‘ಯಾವುದು’ ಎನ್ನಿ: ‘ಕ್ವಾಲ್ ಎಸ್ ತು ತೆಲೇಫೊನೊ?’

ಇನ್ನು ‘ಇಲ್ವಾ’, ‘ಬೇಡ್ವಾ’ ಪ್ರಶ್ನೆಗಳು. ‘ನೋ ಕಿಯೆರೆಸ್ ಬೊಲ್ಸಾ?’, ಚೀಲ ಬೇಡವಾ ಎಂದು ಅಂಗಡಿಯವನು ಕೇಳಿದಾಗ ‘ಹೌದು, ಬೇಡ’ ಎಂಬ ಅರ್ಥದಲ್ಲಿ ನಾನು ‘ಸೀ’ ಎನ್ನುತ್ತಿದ್ದೆ. ಪ್ರತಿ ಸಲವೂ ಚೀಲ ಕೈಗೆ ಬರುತ್ತಿತ್ತು. ಬೇಡವಾದರೆ ‘ನೋ’ ಎಂದೇ ಹೇಳಬೇಕು.

ಅಂಗಡಿಯವರು ‘ತೂ’, ಅಂದರೆ ‘ನೀನು’ ಎಂದರೆ ಬೇಸರಪಟ್ಟುಕೊಳ್ಳಬೇಡಿ. ನಮ್ಮ ಕಿವಿಗೆ ಅದು ಚುಚ್ಚುತ್ತದೆ, ಇಲ್ಲಿ ಅದು ಸಲಿಗೆ. ವಯಸ್ಸಾದವರಿಗೆ, ಕಚೇರಿಗಳಲ್ಲಿ ಮಾತ್ರ ನೀವು ‘ಉಸ್ತೆದ್’ ಬಳಸಿ. ಆಗ ‘ತಿಯೆನೆಸ್’ ಹೋಗಿ ‘ತಿಯೆನೆ’ ಆಗುತ್ತದೆ.

ಕಲಿಯಲು ಸಂತೆಗಿಂತ ಒಳ್ಳೆಯ ಶಾಲೆ ನಾನು ಕಂಡಿಲ್ಲ. ವಲೆನ್ಸಿಯಾದಲ್ಲಿ 1928ರಲ್ಲಿ ತೆರೆದ ಮೆರ್ಕಾದೊ ಸೆಂತ್ರಾಲ್, ಅಂದರೆ ಕೇಂದ್ರ ಮಾರುಕಟ್ಟೆ, ಇದೆ. ಬೇರೆ ಊರಿನಲ್ಲಿದ್ದರೆ ನಿಮ್ಮ ಬಡಾವಣೆಯ ಮಾರುಕಟ್ಟೆಗೆ ಹೋಗಿ. ‘ಟೊಮೆಟೊ ಹೇಗೆ?’ ಎಂದು ನಾವು ಕೇಳುವ ಹಾಗೆ ‘ಆ ಕ್ವಾಂತೊ ಎಸ್ತಾನ್ ಲೋಸ್ ತೊಮಾತೆಸ್?’ ಎನ್ನಿ. ಇಂಗ್ಲಿಷಿನ ‘ಕ್ಯಾನ್ ಐ ಹ್ಯಾವ್’ ಅನ್ನು ‘ಪ್ವೇದೊ ತೆನೆರ್’ ಎಂದು ತರ್ಜುಮೆ ಮಾಡಿದರೆ ಕೃತಕವಾಗುತ್ತದೆ. ಅವರು ಹೇಳುವುದು ‘ಮೆ ಪೋನೆಸ್ ಮೇದಿಯೊ ಕಿಲೊ?’. ‘ಪೋನೆರ್’ ಎಂದರೆ ಹಾಕು, ಇಡು. ಅಂದರೆ ನಮ್ಮ ‘ಅರ್ಧ ಕೆಜಿ ಹಾಕ್ತೀಯಾ?’ ತಾನೇ! ಇದು ಗೊತ್ತಾದ ದಿನ ನನಗಾದ ಖುಷಿ ಇಂದಿಗೂ ನೆನಪಿದೆ. ಕೊನೆಗೆ ‘ಎಷ್ಟಾಯ್ತು?’ಗೆ ‘ಕ್ವಾಂತೊ ಎಸ್?’.

ಇದೆಲ್ಲಕ್ಕೂ ಮೊದಲು ಕೇಳಬೇಕಾದದ್ದು ಇನ್ನೊಂದಿದೆ. ಎಷ್ಟೋ ಅಂಗಡಿಗಳ ಮುಂದೆ ಸಾಲು ಕಣ್ಣಿಗೆ ಕಾಣುವುದಿಲ್ಲ, ಜನ ಚದುರಿ ನಿಂತಿರುತ್ತಾರೆ, ಆದರೂ ಸರದಿ ತಪ್ಪುವುದಿಲ್ಲ. ಹೋದ ತಕ್ಷಣ ‘ಓಲಾ, ಕಿಯೆನ್ ಎಸ್ ಎಲ್ ಉಲ್ತಿಮೊ?’, ಕೊನೆಯವರು ಯಾರು ಎಂದು ಕೇಳಿ. ಯಾರೋ ಕೈ ಎತ್ತುತ್ತಾರೆ, ಅವರ ನಂತರ ನೀವು. ನಿಮ್ಮ ಹಿಂದೆ ಬಂದವರು ಅದನ್ನೇ ಕೇಳಿದಾಗ ‘ಯೋ’, ನಾನು, ಎಂದು ಗಟ್ಟಿಯಾಗಿ ಹೇಳಿ.