ಪೇಪರ್ ಅಳಿಸದೆ ರಿಟ್ರಾಕ್ಟ್ ಮಾಡಿದ್ದು: ನನ್ನ ಅನುಭವ

ಮಡಿಕೇರಿಯಿಂದ ಬರುವ ಸಣ್ಣ ಜರ್ನಲ್ ನಮ್ಮದು. ಕಾಫಿ, ಮೆಣಸು, ಏಲಕ್ಕಿ, ಕಾಡು, ಇಷ್ಟೇ ವಿಷಯ. ಸೈಟ್ ನಡೆಯುವುದು ಓಜೆಎಸ್ ಅನ್ನುವ ಜರ್ನಲ್ ಸಾಫ್ಟ್‌ವೇರಿನಲ್ಲಿ, ಪ್ರತಿ ಪೇಪರಿಗೂ ಡಿಒಐ ಅನ್ನುವ ಶಾಶ್ವತ ಕೊಂಡಿ ಇದೆ. ಪ್ರಕಟವಾದ ಪೇಪರನ್ನು ನಂಬಬೇಡಿ ಅಂತ ಜರ್ನಲ್ಲೇ ನೋಟಿಸ್ ಹಾಕಿ ಹಿಂತೆಗೆಯುವುದು ರಿಟ್ರಾಕ್ಟ್ ಮಾಡುವುದು. ನಮ್ಮಂಥ ಜರ್ನಲ್‌ಗೆ ಈ ರಿಟ್ರಾಕ್ಷನ್ ಎಲ್ಲ ಆಗಲ್ಲ, ಸುಮ್ನೆ ಪೇಪರನ್ನು ಸೈಟಿನಿಂದ ತೆಗೆದುಬಿಡಿ ಅಂದವರೇ ಜಾಸ್ತಿ. ಆಯಿತು, ಅದೂ ಪೂರ್ತಿ ನಿಯಮದ ಪ್ರಕಾರವೇ ಆಯಿತು, ಅದಕ್ಕೇ ಬರೆಯುತ್ತಿದ್ದೇನೆ.

ಒಂದೇ ಮಳೆಗಾಲದಲ್ಲಿ ಎರಡು ದೂರು ಬಂದವು. ಮೊದಲನೆಯದು ಅರೇಬಿಕಾದ ಬಿಳಿ ಕಾಂಡಕೊರಕದ ಪೇಪರ್. ಎರಡು ಬೇರೆ ತೋಟದ್ದು ಅಂತ ಹಾಕಿದ್ದ ಫೋಟೋ ಒಂದೇ ಕಾಂಡದ್ದು. ಒಂದನ್ನು ತಿರುಗಿಸಿ ಹಾಕಿದ್ದರು, ಅಷ್ಟೇ. ಕೋಷ್ಟಕದಲ್ಲೂ ಕೆಲವು ಸಾಲು ಹಾಗೇ ಎರಡು ಸಲ ಬಂದಿದ್ದವು. ಎರಡನೆಯದು ಸಿಲ್ವರ್ ಓಕ್, ಹಾಲವಾಣಕ್ಕೆ ಹಬ್ಬಿಸಿದ ಮೆಣಸಿನ ಇಳುವರಿಯ ಪೇಪರ್. ಅದರಲ್ಲಿ ಎಕರೆ ಲೆಕ್ಕಕ್ಕೆ ಹೆಕ್ಟೇರ್ ಅಂತ ತಲೆಬರಹ ಕೊಟ್ಟಿದ್ದರು. ಇಲ್ಲಿ ತೋಟದವರು ಮಾತಾಡುವುದೆಲ್ಲ ಎಕರೆಯಲ್ಲೇ ಅಲ್ವಾ, ಲೆಕ್ಕದ ಪುಸ್ತಕದಿಂದ ಹಾಗೇ ಇಳಿಸಿದ್ದರು.

ನಮ್ಮ ಸಂಪಾದಕ ಕಮಿಟಿ ಪೂರ್ತಿ ಉಲ್ಟಾ ಹೇಳಿತು. ಎಕರೆ ಪೇಪರನ್ನು ರಿಟ್ರಾಕ್ಟ್ ಮಾಡೋಣ, ಫೋಟೋ ಪೇಪರಿಗೆ ಬೇರೆ ಚಿತ್ರ ತರಿಸಿ ತಿದ್ದುಪಡಿ ಹಾಕೋಣ ಅಂತ. ನಾನು ಕೇಳಿದ್ದು ಒಂದೇ. ತಪ್ಪನ್ನು ಸರಿಮಾಡಿದ ಮೇಲೆ ಪೇಪರಿನ ತೀರ್ಮಾನ ನಿಲ್ಲುತ್ತದಾ? ಎಕರೆ ಪೇಪರಿನಲ್ಲಿ ನಿಲ್ಲುತ್ತದೆ. ಎಲ್ಲ ಪ್ಲಾಟಿಗೂ ಒಂದೇ ತಪ್ಪು, ಹಾಗಾಗಿ ಯಾವ ಮರದ ಬಳ್ಳಿ ಜಾಸ್ತಿ ಕೊಟ್ಟಿತು ಅನ್ನುವುದು ಬದಲಾಗುವುದಿಲ್ಲ. ಮೂಲ ಲೆಕ್ಕ ತರಿಸಿ ನೋಡಿ, ಎಲ್ಲ ಅಂಕಿಯನ್ನೂ 2.47ರಿಂದ ಗುಣಿಸಿದೆವು, ಒಂದು ಹೆಕ್ಟೇರಿಗೆ ಅಷ್ಟು ಎಕರೆ. ಬೇರೆ ಜಿಲ್ಲೆಗಿಂತ ನಮ್ಮ ಇಳುವರಿ ಕಡಿಮೆ ಅನ್ನುವ ಒಂದು ಪ್ಯಾರಾ ಮಾತ್ರ ಬಿದ್ದುಹೋಯಿತು. ಅದಕ್ಕೆ ತಿದ್ದುಪಡಿ ಸಾಕು.

ಫೋಟೋ ಪೇಪರಿಗೆ ಮೂಲ ಲೆಕ್ಕವೇ ಬರಲಿಲ್ಲ. ಜರ್ನಲ್ ಸಂಪಾದಕರಿಗೆ ನೀತಿ ಹೇಳುವ ಕೋಪ್ ಸಂಸ್ಥೆಯ ಮಾರ್ಗಸೂಚಿ ಇಲ್ಲಿ ತುಂಬಾ ಸ್ಪಷ್ಟ. ಫಲಿತಾಂಶ ನಂಬಲಾಗದು ಅನ್ನುವುದಕ್ಕೆ ಗಟ್ಟಿ ಸಾಕ್ಷಿ ಇದ್ದರೆ ರಿಟ್ರಾಕ್ಟ್ ಮಾಡಬಹುದು, ಅದು ಮೋಸವಾ ಕೈತಪ್ಪಾ ಅಂತ ನಾವು ಸಾಬೀತು ಮಾಡಬೇಕಿಲ್ಲ. ಕಮಿಟಿಯ ಹಿರಿಯರು ಒಪ್ಪಿದ್ದು ಈ ಮಾತಿಗೇ.

ಆಮೇಲೆ ಶುರುವಾಯಿತು ಪತ್ರದ ಗೋಳು. ಕಮಿಟಿ ಫೋಟೋ ಪೇಪರಿನ ಲೇಖಕರಿಗೆ ಬರೆದ ಮೊದಲ ಪತ್ರದಲ್ಲಿ ‘ಆರೋಪ’ ಅಂತ ಇತ್ತು, ಉತ್ತರ ವಕೀಲರಿಂದ ಬಂತು. ಎರಡನೇ ಪತ್ರಕ್ಕೆ ‘ಕಾಫಿ ಕೊಯ್ಲು ಮುಗಿಯಲಿ ಸರ್’ ಅಂದರು. ಅವರ ಕಾಲೇಜಿನವರಿಗೆ ರ‍್ಯಾಂಕಿಂಗ್ ಭಯ, 2025ರಿಂದ ಕೇಂದ್ರ ಸರ್ಕಾರದ ಕಾಲೇಜು ಪಟ್ಟಿಯಾದ ಎನ್‌ಐಆರ್‌ಎಫ್‌ನಲ್ಲಿ ರಿಟ್ರಾಕ್ಷನ್‌ಗೆ ಅಂಕ ಹೋಗುತ್ತದಲ್ಲ. ಅಷ್ಟರಲ್ಲಿ ಓದುಗರಿಗೆ ಗೊತ್ತಾಗಲಿ ಅಂತ ‘ಎಕ್ಸ್‌ಪ್ರೆಶನ್ ಆಫ್ ಕನ್ಸರ್ನ್’, ಅಂದರೆ ಈ ಪೇಪರಿನ ಮೇಲೆ ಅನುಮಾನವಿದೆ ಅನ್ನುವ ಸೂಚನೆ, ಹಾಕಿದೆ. ಮೂರನೇ ಪತ್ರ ನಾನೇ ಬರೆದೆ, ಎಲ್ಲ ಸಹಲೇಖಕರಿಗೂ ಒಂದೇ ದಿನ ಹೋಯಿತು. ಒಬ್ಬರನ್ನು ಬಿಟ್ಟು ಎಲ್ಲರೂ ರಿಟ್ರಾಕ್ಟ್ ಮಾಡಲು ಒಪ್ಪಿ ಸಹಿ ಮಾಡಿದರು. ಆ ಪತ್ರದ ಮೊದಲ ಪ್ಯಾರಾ ಇಲ್ಲಿ ಹಾಕುವುದಿಲ್ಲ, ಅದು ನನ್ನಲ್ಲೇ ಇರಲಿ. ಒಪ್ಪದವರ ಹೆಸರನ್ನು, ಅವರು ಒಪ್ಪಿಲ್ಲ ಅನ್ನುವುದನ್ನು ನೋಟಿಸಿನಲ್ಲೇ ಬರೆದೆವು.

ಅಷ್ಟರಲ್ಲಿ ಸೈಟ್ ನೋಡಿಕೊಳ್ಳುವ ಹುಡುಗ ಯಾರದೋ ಮಾತು ಕೇಳಿ ಪೇಪರನ್ನು ಅನ್‌ಪಬ್ಲಿಷ್ ಮಾಡಿದ್ದ. ಡಿಒಐ ಒತ್ತಿದರೆ ಖಾಲಿ ಪುಟ. ಪಿಡಿಎಫ್ ಇಳಿಸಿಕೊಂಡವರು ಮಾತ್ರ ಅದನ್ನು ಆರಾಮಾಗಿ ಉಲ್ಲೇಖಿಸುತ್ತಲೇ ಇದ್ದರು. ವಾಪಸ್ ಹಾಕಿಸಿದೆ. ಪ್ರತಿ ಪುಟಕ್ಕೂ ವಾಟರ್‌ಮಾರ್ಕ್, ಶೀರ್ಷಿಕೆಯ ಮುಂದೆ ‘ರಿಟ್ರಾಕ್ಟೆಡ್’. ಪ್ರಕಟಣೆಯ ಮಾನದಂಡ ರೂಪಿಸುವ ನೈಸೋ ಸಂಸ್ಥೆಯ 2024ರ ಶಿಫಾರಸೂ ಇದನ್ನೇ ಹೇಳುತ್ತದೆ. ನೋಟಿಸಿಗೆ ಬೇರೆಯೇ ಡಿಒಐ, ಯಾರು ಬೇಕಾದರೂ ದುಡ್ಡಿಲ್ಲದೆ ಓದುವ ಹಾಗೆ.

ನಮ್ಮ ಹಳೇ ಓಜೆಎಸ್ ಪ್ಲಗಿನ್ ಈ ಪೇಪರ್ ರಿಟ್ರಾಕ್ಟ್ ಆಗಿದೆ ಅನ್ನುವ ಮಾಹಿತಿಯನ್ನು, ಡಿಒಐ ನೋಂದಾಯಿಸುವ ಕ್ರಾಸ್‌ರೆಫ್‌ಗೆ ಕಳಿಸಲೇ ಇಲ್ಲ. ಆ ಮಾಹಿತಿಯ ಎಕ್ಸ್‌ಎಂಎಲ್ ಫೈಲನ್ನು ಕೈಯಲ್ಲೇ ತಿದ್ದಿ ಏರಿಸಿದೆ. ಮಳೆಗೆ ಕರೆಂಟಿಲ್ಲ, ಇನ್ವರ್ಟರ್ ಮುಗಿಯುವ ಮುಂಚೆ ಮುಗಿಸಬೇಕು. ನೆನಪಿಡಿ, ಕೊಂಡಿ ಹೋಗುವುದು ನೋಟಿಸಿನ ಮೆಟಾಡೇಟಾದಿಂದ, ಅಂದರೆ ಅದರ ವಿವರದ ದಾಖಲೆಯಿಂದ, ಹಳೇ ಪೇಪರಿಗೆ. ತುಂಬಾ ಜನ ಇದನ್ನು ತಿರುಗಾಮುರುಗಾ ಹಾಕುತ್ತಾರೆ.

ದುಡ್ಡಿನ ವಿಷಯ. ಹೊರಗಿನವರು ಇದಕ್ಕೆ ಹದಿನೈದು ಸಾವಿರದ ಹತ್ತಿರ ಕೇಳಿದ್ದರು. ನನಗೆ ಮೂರು ಸಾವಿರವೂ ಆಗಲಿಲ್ಲ. ಹೊಸ ಡಿಒಐಗೆ ಒಂದು ಡಾಲರ್. ಹಳೇ ಮೆಟಾಡೇಟಾ ತಿದ್ದುವುದಕ್ಕೆ ಏನೂ ಇಲ್ಲ, ಪೇಪರ್ ಬದಲಾಗಿದೆಯಾ ಅಂತ ಓದುಗರಿಗೆ ತೋರಿಸುವ ಕ್ರಾಸ್‌ಮಾರ್ಕ್ ಗುಂಡಿಯ ಶುಲ್ಕವನ್ನೂ 2020ರಲ್ಲೇ ತೆಗೆದಿದ್ದಾರೆ. ಹೆಚ್ಚು ಹೋದದ್ದು ಅಚ್ಚಿನ ಪ್ರತಿಗೆ ಅಂಟಿಸುವ ಚೀಟಿ ಮತ್ತು ಅಂಚೆಗೆ. ಅರ್ಧದಷ್ಟು ಲೈಬ್ರರಿಯವರಾದರೂ ಅಂಟಿಸಿದರು.

ಜೊತೆಗೆ ಇನ್ನೊಂದು ಪ್ರಯೋಗ ಮಾಡಿದೆ. ರಿಟ್ರಾಕ್ಟ್ ಆದ ಪೇಪರುಗಳ ಪಟ್ಟಿ ಇಡುವ ರಿಟ್ರಾಕ್ಷನ್ ವಾಚ್‌ನವರಿಗೂ ತಿಳಿಸಿ, ನನ್ನ ಲ್ಯಾಪ್‌ಟಾಪಿನಲ್ಲಿ ಉಲ್ಲೇಖ ಜೋಡಿಸಿಡುವ ಜೋಟೆರೋ ಸಾಫ್ಟ್‌ವೇರಿನಲ್ಲಿ ಆ ಪೇಪರ್ ಇಟ್ಟುಕೊಂಡು ಕಾದೆ. ಕೆಲವು ವಾರಕ್ಕೆ ಕೆಂಪು ಎಚ್ಚರಿಕೆ ಬಂತು, ಅದರ ಸ್ಕ್ರೀನ್‌ಶಾಟ್ ಕಮಿಟಿಗೆ ಕಳಿಸಿದೆ. ಅವರ ಡೇಟಾಬೇಸನ್ನು 2023ರಲ್ಲಿ ಕ್ರಾಸ್‌ರೆಫ್ ಕೊಂಡು ಎಲ್ಲರಿಗೂ ಬಿಟ್ಟಿದೆಯಲ್ಲ, ಅದನ್ನು ಇಳಿಸಿ ನಮ್ಮ ಹಳೇ ಸಂಚಿಕೆಗಳ ಉಲ್ಲೇಖಗಳಿಗೆ ಹೋಲಿಸಿದೆ. ಐದಾರು ಪೇಪರ್ ಸಿಕ್ಕವು, ರಿಟ್ರಾಕ್ಟ್ ಆದದ್ದನ್ನೇ ನೆಚ್ಚಿಕೊಂಡವು. ಈಗ ಹೊಸ ಪೇಪರ್ ಬಂದ ಕೂಡಲೇ, ರಿವ್ಯೂಗೆ ಕಳಿಸುವ ಮುಂಚೆ ಈ ಹೋಲಿಕೆ ಮಾಡುತ್ತೇನೆ. ಹತ್ತು ನಿಮಿಷದ ಕೆಲಸ. ಎಕ್ಸ್‌ಎಂಎಲ್ ಮಾದರಿ ಬೇಕಾದವರು ಕೇಳಿ, ಕೊಡುತ್ತೇನೆ.