ಮೋಟಾರಿಗೂ ಸ್ವಲ್ಪ ಕಿವಿ ಕೊಡಿ

ನಮ್ಮ ಮನೆಯ ನೀರೆತ್ತುವ ಅರ್ಧ ಎಚ್‌ಪಿ ಮೋಟಾರಿಗೆ ಈಗ ಹದಿನಾಲ್ಕನೇ ವರ್ಷ. ಅದಕ್ಕಿಂತ ಮುಂಚಿನದು ಮೂರೇ ವರ್ಷಕ್ಕೆ ಹೋಯಿತು. ಕೆಡಿಸಿದ್ದು ಬೇರೆ ಯಾರೂ ಅಲ್ಲ, ನಾನೇ. ಬಿಜಾಪುರದ ಬೇಸಿಗೆ, ಮಾಳಿಗೆ ಮೇಲೆ ಶಾವಿಗೆ ಒಣಹಾಕಿದ್ದೆ. ಮೋಟಾರು ಚಾಲೂ ಮಾಡಿ ಮೇಲೆ ಹೋದೆ. ಶಾವಿಗೆ ತಿರುವಿ ಹಾಕಿ, ಪಕ್ಕದ ಮನೆಯ ವೈನಿ ಜೊತೆ ನಾಲ್ಕು ಮಾತಾಡಿ ಕೆಳಗೆ ಬಂದರೆ ಸುಟ್ಟ ವಾಸನೆ. ನೆಲದ ಟಾಕಿಯಲ್ಲಿ ನೀರು ಮುಗಿದು ಎಷ್ಟು ಹೊತ್ತಾಗಿತ್ತೋ ಏನೋ. ರಿಪೇರಿಯವನು ಬಿಚ್ಚಿ ನೋಡಿ, "ಅಕ್ಕಾರ, ಇದು ನೀರ ಎತ್ತಿ ಸತ್ತಿಲ್ರೀ, ನೀರಿಲ್ದ ಸತ್ತೈತಿ" ಅಂದ.

ನೀರಿಲ್ಲದಿದ್ದರೆ ಮೋಟಾರಿಗೆ ಭಾರ ಕಡಿಮೆ, ಮತ್ತೆ ಯಾಕೆ ಸುಡಬೇಕು ಎಂದು ನನ್ನ ಮಗ ಕೇಳಿದ. ಪ್ರಶ್ನೆ ಸರಿಯಾಗಿಯೇ ಇತ್ತು. ರಿಪೇರಿಯವನು ತೋರಿಸಿಕೊಟ್ಟ. ಪಂಪಿನೊಳಗೆ ತಿರುಗುವ ದಂಡಿಗೆಯ ಸುತ್ತ ಒಂದು ಸೀಲ್ ಇರುತ್ತದೆ. ನುಣುಪಾದ ಎರಡು ಬಿಲ್ಲೆಗಳು, ಒಂದು ಕಾರ್ಬನ್ನಿನದು, ಇನ್ನೊಂದು ಪಿಂಗಾಣಿಯಂಥದು. ಸ್ಪ್ರಿಂಗು ಅವೆರಡನ್ನೂ ಒತ್ತಿ ಹಿಡಿದಿರುತ್ತದೆ. ಅವುಗಳ ನಡುವೆ ಕೂದಲೆಳೆಗಿಂತ ತೆಳುವಾಗಿ ನೀರು ನಿಲ್ಲುತ್ತದೆ. ಎಣ್ಣೆಯ ಕೆಲಸ, ತಂಪು ಮಾಡುವ ಕೆಲಸ, ಎರಡೂ ಆ ನೀರಿನದೇ. ನೀರು ಹೋದರೆ ಬಿಲ್ಲೆ ಬಿಲ್ಲೆ ಉಜ್ಜಿ ಕಾಯುತ್ತವೆ, ರಬ್ಬರು ಸುಡುತ್ತದೆ, ನೀರು ತಳ್ಳುವ ಒಳಗಿನ ಚಕ್ರ ಕಾದು ಹಿಗ್ಗಿ ಗೋಡೆಗೆ ಕಚ್ಚಿಕೊಳ್ಳುತ್ತದೆ. ಚಕ್ರ ನಿಂತ ಮೇಲೂ ಕರೆಂಟು ಹರಿಯುತ್ತಲೇ ಇದ್ದರೆ ಮೋಟಾರಿನೊಳಗಿನ ತಂತಿ ಸುತ್ತು, ಅಂದರೆ ವೈಂಡಿಂಗ್, ಸುಡದೆ ಇನ್ನೇನಾಗುತ್ತದೆ? ಒಲೆ ಮೇಲೆ ಖಾಲಿ ಪಾತ್ರೆ ಇಟ್ಟು ಮರೆತ ಹಾಗೆ.

ಅಂದಿನಿಂದ ನನ್ನದು ಒಂದೇ ಹಠ. ಕೆಳಗಿನ ಟಾಕಿಯ ಮುಚ್ಚಳ ತೆಗೆದು ನೋಡದೆ ಸ್ವಿಚ್ ಮುಟ್ಟುವುದಿಲ್ಲ. ಕೊಲ್ಹಾರದಿಂದ ಕೃಷ್ಣೆಯ ನೀರು ಊರಿಗೆ ಬರುತ್ತದೆ ಅನ್ನುವುದು ನಿಜ, ಆದರೆ ನಮ್ಮ ನಳಕ್ಕೆ ಎಂದು ಬರುತ್ತದೆ, ಎಷ್ಟು ಹೊತ್ತು ಬರುತ್ತದೆ ಅನ್ನುವುದನ್ನು ನಂಬಿ ಕೂರುವ ಹಾಗಿಲ್ಲ. ಈಗ ನೀರು ತಳಕ್ಕೆ ಇಳಿದರೆ ಮೋಟಾರನ್ನು ತಾನೇ ಬಂದ್ ಮಾಡುವ ಫ್ಲೋಟ್ ಸ್ವಿಚ್ ಸಿಗುತ್ತದೆ. ಸೊಸೆ ಹಾಕಿಸಿದ್ದಾಳೆ, ಒಳ್ಳೆಯದೇ. ಮೇಲಿನ ಟಾಕಿ ತುಂಬಿ ಸೋರದ ಹಾಗೆ ಅಲ್ಲಿಗೊಂದು ಹಾಕುವವರು ಬಹಳ, ಕೆಳಗೆ ಹಾಕುವವರು ಕಡಿಮೆ. ನನ್ನನ್ನು ಕೇಳಿದರೆ ಮೊದಲು ಕೆಳಗಿನದು. ಮೇಲಿನದು ನೀರು ಉಳಿಸುತ್ತದೆ, ಕೆಳಗಿನದು ಮೋಟಾರು ಉಳಿಸುತ್ತದೆ. ಆದರೆ ಸವಳು ನೀರಿನಲ್ಲಿ ಆ ತೇಲುಗುಂಡಿಗೂ ಬಿಳಿ ಪದರ ಕಟ್ಟಿ ಒಮ್ಮೊಮ್ಮೆ ಸಿಕ್ಕಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಎತ್ತಿ ಒರೆಸಿ ಬಿಡಿ.

ನಳದ ಪೈಪಿಗೇ ನೇರವಾಗಿ ಮೋಟಾರು ಹಚ್ಚುವವರಿಗೆ ಒಂದು ಮಾತು. ನಿಯಮದ ಪ್ರಕಾರ ಅದು ತಪ್ಪು, ಅದು ಹಾಗಿರಲಿ. ಪೈಪಿನಲ್ಲಿ ನೀರು ಯಾವ ಗಳಿಗೆಗೆ ನಿಲ್ಲುತ್ತದೋ ಗೊತ್ತಾಗುವುದಿಲ್ಲ, ಮೋಟಾರು ಗಾಳಿ ಎಳೆಯುತ್ತಾ ಒಣಗಿ ತಿರುಗುತ್ತದೆ. ಅಷ್ಟೇ ಅಲ್ಲ, ಎಲ್ಲೋ ಪೈಪು ಒಡೆದ ಕಡೆ ಗಟಾರದ ನೀರನ್ನೂ ಒಳಗೆ ಎಳೆದುಕೊಳ್ಳುತ್ತದೆ. ಅದನ್ನೇ ಮನೆಯವರು ಕುಡಿಯಬೇಕು. ನಳದ ನೀರು ತಾನಾಗಿ ಕೆಳಗಿನ ಟಾಕಿಗೆ ಬೀಳಲಿ, ಅಲ್ಲಿಂದ ಎತ್ತಿ.

ಇನ್ನು ಹೂಳು. ಆದಿಲ್‌ಶಾಹಿ ಕಾಲದವರು ತೊರವಿ ಕಡೆಯಿಂದ, ಆಮೇಲೆ 1651ರಲ್ಲಿ ಕಟ್ಟಿದ ಬೇಗಂ ತಲಾಬ ಅನ್ನುವ ಕೆರೆಯಿಂದ ಊರೊಳಗೆ ನೀರು ತರುವಾಗ ದಾರಿಯಲ್ಲಿ ಗಂಜ್ ಅನ್ನುವ ಗೋಪುರ ಕಟ್ಟಿದ್ದರು. ನೀರಿನ ಒತ್ತಡ ತಗ್ಗಲಿ, ಕಸ ಮಣ್ಣು ಅಲ್ಲೇ ನಿಲ್ಲಲಿ ಅಂತ. ಮುನ್ನೂರೈವತ್ತು ವರ್ಷದ ಹಿಂದಿನವರಿಗೆ ಇದ್ದ ಬುದ್ಧಿ ನಮ್ಮ ಟಾಕಿ ಕಟ್ಟಿದ ಗವಂಡಿಗೆ ಇರಲಿಲ್ಲ ನೋಡಿ. ಎಳೆಯುವ ಪೈಪಿನ ತುದಿಯಲ್ಲಿದ್ದು ನೀರು ವಾಪಸ್ ಇಳಿಯದ ಹಾಗೆ ತಡೆಯುವ ಫುಟ್‌ವಾಲ್ವನ್ನು ತಳಕ್ಕೇ ಕೂರಿಸಿದ್ದ. ಕೆಸರು ಮರಳು ಎಲ್ಲ ಸೀದಾ ಪಂಪಿಗೆ. ಮನೆಯ ಸಣ್ಣ ಪಂಪುಗಳಲ್ಲಿ ಚಕ್ರಕ್ಕೂ ಗೋಡೆಗೂ ನಡುವೆ ಸಂದು ಬಹಳ ಕಡಿಮೆ. ಮರಳು ಅದನ್ನು ಅರೆದು ಅಗಲ ಮಾಡಿತೆಂದರೆ ಮೋಟಾರು ತಿರುಗುತ್ತದೆ, ನೀರು ಮಾತ್ರ ಏರುವುದಿಲ್ಲ. ಫುಟ್‌ವಾಲ್ವು ತಳದಿಂದ ಒಂದು ಗೇಣು ಮೇಲಿರಲಿ. ವರ್ಷಕ್ಕೆ ಎರಡು ಸಲ, ನಾನು ಯುಗಾದಿಗೆ ಮತ್ತು ಮಾನೌಮಿಗೆ, ಟಾಕಿ ಬಳಿದು ತೊಳೆಯಿರಿ. ಆಗಲೇ ಫುಟ್‌ವಾಲ್ವಿನ ಜಾಳಿಗೆಯನ್ನೂ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿಬಿಡಬಹುದು.

ಮೋಟಾರು ಆರೋಗ್ಯವಾಗಿದೆಯೋ ಇಲ್ಲವೋ ತಿಳಿಯಲು ನನ್ನದೊಂದು ಲೆಕ್ಕವಿದೆ. ಹೊಸದು ಹಾಕಿಸಿದ ದಿನ ನಮ್ಮ 500 ಲೀಟರಿನ ಸಿಂಟೆಕ್ಸು ತುಂಬಲು 24 ನಿಮಿಷ ಹಿಡಿಯಿತು. ಸ್ವಿಚ್ಚಿನ ಪಕ್ಕ ಗೋಡೆ ಮೇಲೆ ಪೆನ್ಸಿಲಿನಲ್ಲಿ ಬರೆದಿಟ್ಟೆ. ಗೋಡೆ ಹೊಲಸು ಮಾಡುತ್ತೀಯ ಅಂತ ನಮ್ಮವರು ಬೈದರು. ಆರನೇ ವರ್ಷ ಒಂದು ದಿನ ನೋಡಿದರೆ 35 ನಿಮಿಷ. ಸೀಲ್ ಸರಿ, ಚಕ್ರ ಸರಿ, ಎಳೆಯುವ ಪೈಪಿನ ಒಂದು ಜೋಡಣೆ ಸಡಿಲಾಗಿ ಗಾಳಿ ಎಳೆಯುತ್ತಿತ್ತು. ಟೆಫ್ಲಾನ್ ಟೇಪು ಸುತ್ತಿ ಬಿಗಿ ಮಾಡಿದ ಮೇಲೆ ಮತ್ತೆ 25ಕ್ಕೆ ಬಂತು. ಅಂಗಡಿಗೆ ಹೊತ್ತೊಯ್ದಿದ್ದರೆ ಏನೇನು ಬದಲಿಸುತ್ತಿದ್ದರೋ.

ಪಂಪು ಮತ್ತು ಮೋಟಾರಿನ ನಡುವೆ ಹನಿ ಹನಿ ನೀರು ಬೀಳುತ್ತಿದ್ದರೆ ಕೆಳಗೆ ಡಬ್ಬಿ ಇಟ್ಟು ಸುಮ್ನೆ ಇರಬೇಡಿ. ಸೀಲ್ ಹೋಗಿದೆ ಎಂದೇ ಅರ್ಥ. ಆ ಹನಿ ದಂಡಿಗೆಗುಂಟ ಹರಿದು ಬೇರಿಂಗಿಗೆ ಹೋಗುತ್ತದೆ, ಗ್ರೀಸು ತೊಳೆದು ಹಾಕುತ್ತದೆ. ಬೇರಿಂಗು ಮೊದಲು ಸಣ್ಣಗೆ ಕಿರುಗುಡುತ್ತದೆ, ಆಮೇಲೆ ಗರಗರ ಅನ್ನುತ್ತದೆ, ಕೊನೆಗೆ ತಿರುಗುವ ಭಾಗ ನಿಂತ ಭಾಗಕ್ಕೆ ಉಜ್ಜುತ್ತದೆ. ಸೀಲಿಗೆ ಹೋಗುವುದು ನೂರಿನ್ನೂರು ರೂಪಾಯಿ. ವೈಂಡಿಂಗಿಗೆ ಹೋದರೆ ಲೆಕ್ಕ ಸಾವಿರದ್ದು.

ಈ ಕಿರುಗುಡುವ ದನಿ ಕೇಳಿ ನಮ್ಮ ಮೈದುನ ಒಮ್ಮೆ ಮೋಟಾರಿನ ಹಿಂದಿನ ಫ್ಯಾನಿನ ಸಂದಿಯಿಂದ ಕುಸುಬಿ ಎಣ್ಣೆ ಸುರಿದಿದ್ದ. ದನಿ ಎರಡು ದಿನ ನಿಂತಿತು. ಆಮೇಲೆ ಧೂಳು, ಎಣ್ಣೆ ಸೇರಿ ಒಳಗೆಲ್ಲ ಜಿಗುಟು. ಸಣ್ಣ ಮೋಟಾರಿನ ಬೇರಿಂಗು ಹೆಚ್ಚಾಗಿ ಗ್ರೀಸು ತುಂಬಿ ಮುಚ್ಚಿರುವಂಥದು. ದನಿ ಬಂದರೆ ಬದಲಿಸಬೇಕು, ಅಷ್ಟೆ. ಎಣ್ಣೆ ಚಟ್ನಿಪುಡಿಗೆ ಇರಲಿ.

ಇನ್ನೊಂದು ದನಿ ಇದೆ. "ಅತ್ತಿ, ಮೋಟಾರ ಗುಂಯ್ ಅನ್ನಾಕ ಹತ್ತೈತಿ, ತಿರಗವಲ್ದು" ಎಂದು ಸೊಸೆ ಕೂಗಿದರೆ ನನ್ನ ಉತ್ತರ ಒಂದೇ: ಮೊದಲು ಬಂದ್ ಮಾಡು. ತಿರುಗದೆ ನಿಂತ ಮೋಟಾರು ಐದಾರು ಪಟ್ಟು ಕರೆಂಟು ಎಳೆಯುತ್ತದೆ, ಕೆಲವೇ ನಿಮಿಷ ಸಾಕು ಸುಡಲು. ಮೇನ್ ಸ್ವಿಚ್ ಆರಿಸಿ, ದಂಡಿಗೆಯ ಹಿಂದಿನ ತುದಿಯಲ್ಲಿರುವ ಗೀರಿಗೆ ಸ್ಕ್ರೂಡ್ರೈವರ್ ಕೊಟ್ಟು ತಿರುಗಿಸಿ ನೋಡಿ. ಬಿಗಿಯಾಗಿದ್ದರೆ ಸವಳು ಕಟ್ಟಿ ಚಕ್ರ ಹಿಡಿದಿದೆ, ನಿಧಾನ ಆಚೆ ಈಚೆ ಆಡಿಸಿದರೆ ಬಿಡುತ್ತದೆ. ಸಲೀಸಾಗಿ ತಿರುಗಿದರೆ ಹೆಚ್ಚಾಗಿ ಮೋಟಾರು ತಿರುಗಲು ಶುರುವಾಗುವಾಗ ಒತ್ತು ಕೊಡುವ ಕಂಡೆನ್ಸರ್ ಹೋಗಿರುತ್ತದೆ. ಅದು ಅಗ್ಗದ ಸಾಮಾನು, ಆದರೆ ಅದರ ಮೇಲೆ ಬರೆದ ಅಂಕಿಯದೇ ಇನ್ನೊಂದು ಬೇಕು. ಅದನ್ನು ಬಿಚ್ಚಲು ನೀವು ಹೋಗಬೇಡಿ. ಸ್ವಿಚ್ ಆರಿಸಿದ ಮೇಲೂ ಅದರಲ್ಲಿ ಕರೆಂಟು ಉಳಿದಿರುತ್ತದೆ.

ಬೇಸಿಗೆಯಲ್ಲಿ ನಾನು ಬೆಳಗ್ಗೆ ಐದೂವರೆಗೇ ನೀರು ಏರಿಸಿಬಿಡುತ್ತೇನೆ. ಸಂಜೆ ಊರೆಲ್ಲ ಕೂಲರ್ ಹಾಕಿದಾಗ ವೋಲ್ಟೇಜು ಇಳಿಯುತ್ತದೆ. ವೋಲ್ಟೇಜು ಇಳಿದರೆ ಮೋಟಾರು ಜಾಸ್ತಿ ಕರೆಂಟು ಎಳೆದು ಕಾಯುತ್ತದೆ. 230 ಇರಬೇಕಾದಲ್ಲಿ 190ರ ಕೆಳಗೆ ಕಂಡರೆ ನಾನು ಸ್ವಿಚ್ ಮುಟ್ಟುವುದಿಲ್ಲ. ಮೀಟರು ಇಲ್ಲದಿದ್ದರೆ ಮನೆಯೊಳಗಿನ ಫ್ಯಾನು ನೋಡಿ, ರೆಕ್ಕೆ ಎಣಿಸುವ ಹಾಗಿದ್ದರೆ ಕಾಯಿರಿ. ಬಿಸಿಲು ನಲವತ್ತು ಡಿಗ್ರಿ ದಾಟುವ ಊರಿದು, ಮೋಟಾರಿಗೆ ಮೇಲೊಂದು ತಗಡಿನ ನೆರಳು ಬೇಕು. ನೆರಳು ಅಂದೆ, ಹೊದಿಕೆ ಅಲ್ಲ. ಗೋಣಿಚೀಲ ಸುತ್ತಿದರೆ ಮೋಟಾರಿನ ಫ್ಯಾನಿಗೆ ಗಾಳಿ ಎಲ್ಲಿಂದ ಬರಬೇಕು?

ಸಣ್ಣವು ಕೆಲವು: ವೈರಿನ ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ, ಇರುವೆ ಮತ್ತು ಹಲ್ಲಿ ಒಳಗೆ ಹೋಗಿ ಶಾರ್ಟ್ ಆಗುತ್ತದೆ. ಅರ್ಥಿಂಗ್ ಇಲ್ಲದ ಮೋಟಾರನ್ನು ಮನೆಯಲ್ಲಿ ಇಟ್ಟುಕೊಳ್ಳಲೇಬೇಡಿ. ಎರಡು ಮಾಳಿಗೆಯ ಮನೆಗೆ ಅರ್ಧ ಎಚ್‌ಪಿ ಸಾಕು, ಜೋರು ಬರಲಿ ಅಂತ ಒಂದು ಎಚ್‌ಪಿ ತಂದು ಅದೇ ಸಣ್ಣ ಪೈಪಿಗೆ ಹಚ್ಚಿದರೆ ಬಿಲ್ಲು ಮಾತ್ರ ಜೋರು ಬರುತ್ತದೆ.

ಊರಿಗೆ ಹೋಗುವಾಗ ಒಂದು ತೊಂದರೆ ಇತ್ತು. ಹದಿನೈದು ದಿನ ಸುಮ್ಮನೆ ನಿಂತರೆ ಸವಳಿಗೆ ಚಕ್ರ ಹಿಡಿಯುತ್ತದೆ, ವಾರಕ್ಕೊಮ್ಮೆಯಾದರೂ ತಿರುಗಬೇಕು. ಕೀಲಿ ಪಕ್ಕದ ವೈನಿ ಹತ್ತಿರ ಕೊಟ್ಟು ಹೋಗುತ್ತಿದ್ದೆ. ಅವರಿಗೆ ನಮ್ಮ ಮಲ್ಲಿಗೆ, ಕರಿಬೇವಿಗೆ ನೀರು ಹಾಕುವುದು ನೆನಪಿರುತ್ತಿತ್ತು, ಮೋಟಾರು ನೆನಪಾಗುತ್ತಿರಲಿಲ್ಲ. ಈಗ ಗಿಡದ ಪೈಪನ್ನೇ ಮೋಟಾರಿನ ಲೈನಿಗೆ ಜೋಡಿಸಿಬಿಟ್ಟಿದ್ದೇನೆ. ಗಿಡಕ್ಕೆ ನೀರು ಬೇಕೆಂದರೆ ಮೋಟಾರು ಹಾಕಲೇಬೇಕು.