ಕುಂದಾ ಮಾಡುವವನ ಮೂಗು, ಗೋವಾದ ಕ್ರಾಫ್ಟ್ ಬಿಯರ್: ನನ್ನ ಅನುಭವ

ನಮ್ಮ ಬೆಳಗಾವಿ ಕಡೆ ಬಿಯರ್ ಅಂದ್ರೆ ಕೇಳೋದು ಒಂದೇ ಪ್ರಶ್ನೆ. ಸ್ಟ್ರಾಂಗೋ, ಮೈಲ್ಡೋ? ಮೈಲ್ಡ್ ಅಂದವನನ್ನು ಜೊತೆಗೆ ಕೂತವರು ಒಂಥರಾ ನೋಡ್ತಾರೆ. ನಾನೂ ವರ್ಷಗಟ್ಟಲೆ ಸ್ಟ್ರಾಂಗ್ ಕುಡಿದವನೇ. ಹಲ್ಲು ಜುಮ್ ಅನ್ನುವಷ್ಟು ತಣ್ಣಗಿರಬೇಕು, ಪಕ್ಕದಲ್ಲಿ ಮಸಾಲಾ ಶೇಂಗಾ ಇರಬೇಕು, ಅಷ್ಟೇ. ಅದಕ್ಕೊಂದು ರುಚಿ ಇದೆ ಅಂತ ಯೋಚನೆ ಮಾಡಿದವನಲ್ಲ.

ನಮ್ಮದು ಕುಂದಾ ಮಾಡುವ ಮನೆ. ಬೆಳಗ್ಗೆ ಐದಕ್ಕೆ ಎಮ್ಮೆ ಹಾಲು ಕಡಾಯಿಗೆ ಬಿದ್ದರೆ ಮಧ್ಯಾಹ್ನದವರೆಗೆ ಮಗುಚೋದೇ ಕೆಲಸ. ಹಾಲು ಬತ್ತಿ, ಸಕ್ಕರೆ ಸೇರಿ, ಬಿಳಿ ಹೋಗಿ ಕೆನೆ ಬಣ್ಣ, ಆಮೇಲೆ ಕಂದು. ಯಾವಾಗ ಇಳಿಸಬೇಕು ಅನ್ನೋದನ್ನ ಗಡಿಯಾರ ಹೇಳಲ್ಲ, ಮೂಗು ಹೇಳುತ್ತೆ. ಈ ಮಾತು ಯಾಕೆ ಅಂದ್ರೆ, ಗೋವಾದಲ್ಲಿ ನನ್ನ ಕೈ ಹಿಡಿದದ್ದು ಇದೇ ಮೂಗು.

ಪಣಜಿಯಲ್ಲಿ ನನ್ನ ಚಿಕ್ಕಪ್ಪನ ಮಗ ಒಂದು ಹೋಟೆಲಿನಲ್ಲಿ ಲೆಕ್ಕ ಬರೀತಾನೆ. ಅವನು ಕರೀತಾನೇ ಇದ್ದ, ನಾನು ಅಂಗಡಿ ಬಿಟ್ಟು ಹೇಗೆ ಬರಲಿ ಅಂತ ಮುಂದೆ ಹಾಕ್ತಾನೇ ಇದ್ದೆ. ಕೊನೆಗೆ ಒಂದು ಸಲ ಬಸ್ ಹತ್ತಿದೆ. ಜಾಂಬೋಟಿ, ಕಣಕುಂಬಿ, ಚೋರ್ಲಾ ಘಾಟ್, ಇಳಿದರೆ ಸಾಖಳಿ. ನೂರಾ ಹತ್ತು ಕಿಲೋಮೀಟರ್ ಹತ್ತಿರ ಆಗುತ್ತೆ. ಈ ದಾರಿಗೆ ಬಸ್ಸೇ ಸರಿ. ಆ ತಿರುವುಗಳಲ್ಲಿ ಹಿಂದಿನ ರಾತ್ರಿಯ ಬಿಯರ್ ತಲೆಯಲ್ಲಿಟ್ಟುಕೊಂಡು ಗಾಡಿ ಓಡಿಸುವವರನ್ನು ನೋಡಿದ್ದೇನೆ, ನನಗೆ ಆ ಧೈರ್ಯ ಬೇಡ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ನಮ್ಮ ಕಡೆ ಬರ್ತಾಳೆ, ಅದೇ ಖಾನಾಪುರ ತಾಲೂಕಿನಲ್ಲೇ ಹುಟ್ಟುವ ಮಹದಾಯಿ ಆ ಕಡೆ ಇಳಿದು ಪಣಜಿ ಮುಟ್ಟುವ ಹೊತ್ತಿಗೆ ಮಾಂಡವಿ ಆಗಿರ್ತಾಳೆ. ಬಿಯರಿನಲ್ಲಿ ನೂರಕ್ಕೆ ತೊಂಬತ್ತರ ಮೇಲೆ ನೀರೇ. ಹಾಗಾಗಿ ಗೋವಾದ ಬಿಯರಿನಲ್ಲಿ ನಮ್ಮ ಪಾಲೂ ಇರಬಹುದು ಅಂತ ತಮ್ಮನಿಗೆ ಹೇಳಿದೆ. "ಆ ನೀರಿನ ಜಗಳಾ ಇಲ್ಲಿ ಬ್ಯಾಡ ಅಣ್ಣಾ, ಸುಮ್ನ ಕುಡಿ" ಅಂದ.

ಮೊದಲ ಸಂಜೆ ಪೂರ್ತಿ ಎಡವಟ್ಟು. ಸಣ್ಣ ಪ್ರಮಾಣದಲ್ಲಿ ತಾವೇ ಬಿಯರ್ ತಯಾರಿಸಿ ಅಲ್ಲೇ ಮಾರುವ ಒಂದು ಜಾಗಕ್ಕೆ ಹೋದೆವು, ಕ್ರಾಫ್ಟ್ ಬಿಯರ್ ಅನ್ನೋದು ಇಂಥದ್ದಕ್ಕೇ. ಗಾಜಿನ ಹಿಂದೆ ದೊಡ್ಡ ದೊಡ್ಡ ಸ್ಟೀಲ್ ಟ್ಯಾಂಕು. ನಾನು ಕೂತವನೇ "ಏಕ್ ಸ್ಟ್ರಾಂಗ್" ಅಂದೆ. ಆರ್ಡರ್ ಬರೆಯುತ್ತಿದ್ದ ಹುಡುಗ ನನ್ನ ಹಿಂದಿ ಕೇಳಿದ ಕೂಡಲೇ "ಯಾವೂರ್ರೀ ಅಣ್ಣಾರ?" ಅಂದ. ಬಾದಾಮಿ ಕಡೆಯವನು. ಗೋವಾದಲ್ಲಿ ಹೀಗೆ ಬಾಗಲಕೋಟೆ, ವಿಜಯಪುರದವರು ಸಿಗೋದು ಹೊಸದೇನಲ್ಲ. "ಇಲ್ಲಿ ಸ್ಟ್ರಾಂಗ್ ಅಂತ ಕೇಳಬ್ಯಾಡ್ರೀ. ಎಲ್ಲಾ ಸ್ವಲ್ಪ ಸ್ವಲ್ಪ ಕುಡದ್ ನೋಡ್ರಿ, ಆಮೇಲೆ ಯಾವದ್ ಬೇಕೋ ಹೇಳ್ರಿ" ಅಂದು ಮರದ ಹಲಗೆ ಮೇಲೆ ನಾಲ್ಕು ಪುಟ್ಟ ಗ್ಲಾಸು ತಂದಿಟ್ಟ. ಚಹಾ ಕಪ್ಪಿಗಿಂತ ಸ್ವಲ್ಪ ದೊಡ್ಡವು.

ನಾನು ಮೊದಲು ಕೈ ಹಾಕಿದ್ದು ಐಪಿಎಗೆ. ಹೆಸರು ಕೇಳಿ ಗೊತ್ತಿದ್ದದ್ದು ಅದೊಂದೇ. ಒಂದು ಗುಟುಕಿಗೆ ಮುಖ ಹಾಗಲಕಾಯಿ ಆಯ್ತು. ಆಮೇಲೆ ಕುಡಿದ ಮೂರೂ ನೀರಿನ ಥರಾ ಅನ್ನಿಸಿದವು. ಹತ್ತು ನಿಮಿಷದಲ್ಲಿ ಹಲಗೆ ಖಾಲಿ, ಬಿಲ್ಲು ನೋಡಿ ಹೊಟ್ಟೆ ಉರಿ. ಇದಕ್ಕೇನಾ ಜನ ಇಷ್ಟು ಕುಣಿಯೋದು ಅಂತ ಬೈದುಕೊಂಡು ಮಲಗಿದೆ.

ತಪ್ಪು ನನ್ನದೇ ಅಂತ ಮಾರನೇ ದಿನ ಗೊತ್ತಾಯ್ತು. ಐಪಿಎ ಅಂದ್ರೆ ಇಂಡಿಯಾ ಪೇಲ್ ಏಲ್. ಅದರಲ್ಲಿ ಹಾಪ್ಸ್ ಜಾಸ್ತಿ. ಹಾಪ್ಸ್ ಅಂದ್ರೆ ಒಂದು ಬಳ್ಳಿಯ ಹೂವು, ಬಿಯರಿನ ಕಹಿ ಹೆಚ್ಚಾಗಿ ಅದರದ್ದು, ಬಿಯರು ಬೇಗ ಕೆಡದ ಹಾಗೆ ಕಾಯುವುದೂ ಅದೇ. ಇಂಗ್ಲೆಂಡಿನಿಂದ ಹಡಗಿನಲ್ಲಿ ತಿಂಗಳುಗಟ್ಟಲೆ ಬರುವ ಬಿಯರಿಗೆ ಹಾಪ್ಸ್ ಹೆಚ್ಚು ಹಾಕ್ತಿದ್ದರು, ಅದರಿಂದಲೇ ಹೆಸರಿನಲ್ಲಿ ಇಂಡಿಯಾ. ನಮ್ಮ ಬೆಳಗಾವಿ ಕ್ಯಾಂಪಿನ ಬ್ರಿಟಿಷ್ ಸಿಪಾಯಿಗಳೂ ಇದನ್ನೇ ಕುಡಿದಿರಬೇಕು ಅಂದುಕೊಂಡಿದ್ದೆ. ಆದರೆ ಆ ಕಾಲದಲ್ಲಿ ಪೇಲ್ ಏಲ್ ಹೆಚ್ಚಾಗಿ ಸಾಹೇಬರ ಮೇಜಿಗೆ ಹೋಗ್ತಿತ್ತಂತೆ. ಸಾಮಾನ್ಯ ಸಿಪಾಯಿಗೆ ಸಿಗುತ್ತಿದ್ದದ್ದು ಪೋರ್ಟರ್ ಅನ್ನುವ ಕಪ್ಪು ಬಿಯರು. ಇಷ್ಟು ಕಹಿಯನ್ನು ಮೊದಲೇ ಕುಡಿದರೆ ನಾಲಿಗೆ ಮುಂದಿನದಕ್ಕೆ ಸತ್ತೇ ಹೋಗುತ್ತೆ. ನಮ್ಮ ಅಂಗಡಿಯಲ್ಲಿ ಮೊದಲು ಖಾರದ ಚೂಡಾ ತಿಂದು ಆಮೇಲೆ ಕುಂದಾ ಸ್ಯಾಂಪಲ್ ಕೇಳುವ ಗಿರಾಕಿಗೆ ನಾನೇ "ಮೊದಲ ನೀರ್ ಕುಡೀರಿ" ಅಂತೀನಿ. ಅದೇ ಬುದ್ಧಿ ಇಲ್ಲಿ ಯಾಕೆ ಬರಲಿಲ್ಲ?

ಅಲ್ಲಿಂದ ನನ್ನದೊಂದು ಕ್ರಮ ಬಂತು. ಮೊದಲು ಗೋಧಿ ಬಿಯರ್ ಅಥವಾ ನಮ್ಮ ಮಾಮೂಲಿ ಬಾಟಲಿ ಬಿಯರಿನ ಜಾತಿಯ ಲಾಗರ್, ನಡುವೆ ಪೇಲ್ ಏಲ್, ಆಮೇಲೆ ಕಪ್ಪು ಸ್ಟೌಟ್, ತೀರಾ ಕಹಿ ಇರೋ ಐಪಿಎ ಎಲ್ಲಕ್ಕೂ ಕೊನೆಗೆ. ಒಂದೊಂದರ ನಡುವೆ ನೀರು, ಒಂದು ಚೂರು ಸಪ್ಪೆ ಪಾವ್. ಗೋವಾದ ಪಾವ್ ಇದಕ್ಕೆ ಹೇಳಿ ಮಾಡಿಸಿದ್ದು. ದಿನಕ್ಕೆ ನಾಲ್ಕು ಪುಟ್ಟ ಗ್ಲಾಸು, ಬೇಕಾದರೆ ಇಷ್ಟವಾದದ್ದು ಒಂದು ದೊಡ್ಡದು, ಅದರ ಮೇಲೆ ಇಲ್ಲ. ಮೇಲೆ ಹೋದರೆ ಮೂಗು ಕೆಲಸ ಬಿಡುತ್ತೆ, ನಾನು ದುಡ್ಡು ಕೊಟ್ಟಿರೋದು ಮೂಗಿಗೆ ಅಲ್ವಾ. ತಂದ ಕೂಡಲೇ ಕುಡಿಯಲ್ಲ, ಎರಡು ಮೂರು ನಿಮಿಷ ಬಿಡ್ತೀನಿ. ಮಂಜಿನಂತೆ ತಣ್ಣಗಿದ್ದರೆ ವಾಸನೆ ಮೇಲೆ ಏಳೋದೇ ಇಲ್ಲ. ನಮ್ಮ ಕಡೆ ಅಷ್ಟು ತಣ್ಣಗೆ ಯಾಕೆ ಕುಡೀತೀವಿ ಅಂತ ಆವತ್ತು ಅರ್ಥ ಆಯ್ತು!

ಗೋಧಿ ಬಿಯರಿನ ಮೊದಲ ಗುಟುಕಿನಲ್ಲಿ ನನಗೆ ಬಂದದ್ದು ಬಾಳೆಹಣ್ಣಿನ ವಾಸನೆ, ಹಿಂದೆ ಸ್ವಲ್ಪ ಲವಂಗ. ಬಾಳೆಹಣ್ಣು ಹಾಕ್ತೀರಾ ಅಂತ ಕೇಳಿದರೆ ಕೌಂಟರಿನವನು ನಕ್ಕ. ಹಣ್ಣೂ ಇಲ್ಲ, ಲವಂಗವೂ ಇಲ್ಲ. ಯೀಸ್ಟ್ ಅಂದ್ರೆ ಸಕ್ಕರೆಯನ್ನ ಮದ್ಯ ಮಾಡುವ ಸೂಕ್ಷ್ಮಜೀವಿ, ಜರ್ಮನಿ ಥರದ ಗೋಧಿ ಬಿಯರಿಗೆ ಹಾಕುವ ಯೀಸ್ಟೇ ಆ ಎರಡೂ ವಾಸನೆ ಹುಟ್ಟಿಸುತ್ತದೆ. ಬೆಲ್ಜಿಯಂ ಥರದ್ದರಲ್ಲಿ ಮಾತ್ರ ನಿಜವಾಗಿಯೂ ಕಿತ್ತಳೆ ಸಿಪ್ಪೆ, ಕೊತ್ತಂಬರಿ ಕಾಳು ಹಾಕ್ತಾರೆ. ಕೊತ್ತಂಬರಿ ಕಾಳು ನಮ್ಮ ಮನೆ ಮಸಾಲೆ ಡಬ್ಬಿಯಲ್ಲಿ ಇರೋದು, ಅದನ್ನ ಗ್ಲಾಸಿನಲ್ಲಿ ಹಿಡಿದಾಗ ಆದ ಖುಷಿಯೇ ಬೇರೆ.

ಎರಡನೇ ಸಲ ಹೋದಾಗ ಮಂಗಳವಾರ ಮಧ್ಯಾಹ್ನ ಹೋದೆ. ಜನ ಇಲ್ಲದ ಹೊತ್ತು. ವಾರದ ಕೊನೆಗೆ ಹೋದರೆ ಯಾರಿಗೂ ಮಾತಾಡೋಕೆ ಪುರುಸೊತ್ತಿಲ್ಲ, ಹಾಡಿನ ಸದ್ದು ಬೇರೆ. ಅವತ್ತು ಬಿಯರ್ ತಯಾರಿಸುವವನೇ ಸಿಕ್ಕ, ಕೊಂಕಣಿಯವನು. ನನ್ನ ಬೆಳಗಾವಿ ಮರಾಠಿ ಇಂಥ ಕಡೆ ಕೆಲಸಕ್ಕೆ ಬರುತ್ತೆ. ನಾನು ಅರ್ಧ ಕಿಲೋ ಕುಂದಾ ಡಬ್ಬಿ ಒಯ್ದಿದ್ದೆ, ಅದು ಮರಾಠಿಗಿಂತ ಜಾಸ್ತಿ ಕೆಲಸಕ್ಕೆ ಬಂತು. ಒಳಗೆ ಕರೆದುಕೊಂಡು ಹೋದ.

ನಾಲ್ಕು ಚೀಲದಿಂದ ನಾಲ್ಕು ಥರದ ಮಾಲ್ಟ್ ತೆಗೆದು ನನ್ನ ಅಂಗೈಗೆ ಸುರಿದ. ಮಾಲ್ಟ್ ಅಂದ್ರೆ ಏನೋ ದೊಡ್ಡದು ಅಂದುಕೊಂಡಿದ್ದೆ. ಬಾರ್ಲಿ ನೆನೆಸಿ, ಮೊಳಕೆ ಬರಿಸಿ, ಒಣಗಿಸಿದ್ದು, ಅಷ್ಟೇ. ಮಕ್ಕಳಿಗೆ ಕೊಡುವ ರಾಗಿ ಮಾಲ್ಟ್ ಇದೇ ಅಲ್ವಾ? ಮೊದಲ ಕಾಳು ತಿಳಿ ಹಳದಿ, ಜಗಿದರೆ ಬಿಸ್ಕೀಟಿನ ರುಚಿ. ಎರಡನೆಯದು ಜೇನಿನ ಬಣ್ಣ. ಮೂರನೆಯದು ಬಾಯಿಗೆ ಹಾಕಿದ ಕೂಡಲೇ ನಾನು ಹೇಳಿದ್ದು, "ಅರೇ, ಇದು ಕಡಾಯಿ ಅಂಚಿನ ಖೋವಾ!" ಕುಂದಾ ಇಳಿಸಿದ ಮೇಲೆ ಕಡಾಯಿ ಅಂಚಿನಲ್ಲಿ ಹತ್ತಿಕೊಂಡಿರುತ್ತಲ್ಲ ಕಂದು ಪದರ, ಸಣ್ಣವನಿದ್ದಾಗ ಅದಕ್ಕೆ ನಾನೂ ಅಕ್ಕನೂ ಹೊಡೆದಾಡ್ತಿದ್ವಿ, ಥೇಟ್ ಅದೇ ಸಿಹಿ, ಅದೇ ಸೀದ ವಾಸನೆ. ನಾಲ್ಕನೆಯದು ಕರ್ರಗೆ, ಕಾಫಿ ಬೀಜದ ಹಾಗೆ.

ಇದಕ್ಕೊಂದು ಕಾರಣ ಇದೆ. ಸಕ್ಕರೆಯೂ ಪ್ರೋಟೀನೂ ಜೊತೆಗೆ ಬಿಸಿಯಾದರೆ ಕಂದು ಬಣ್ಣ, ಹುರಿದ ವಾಸನೆ ಹುಟ್ಟುತ್ತೆ. 1912ರಲ್ಲಿ ಫ್ರಾನ್ಸಿನ ಮಯಾರ್ ಅನ್ನುವ ವಿಜ್ಞಾನಿ ಇದನ್ನು ಬರೆದಿಟ್ಟ, ಹೆಸರೂ ಅವನದ್ದೇ ಉಳಿಯಿತು. ಹಾಲು ಕಂದಾಗುವುದೂ ಅದೇ, ಬಾರ್ಲಿ ಕಂದಾಗುವುದೂ ಅದೇ, ರೊಟ್ಟಿ ಮೇಲಿನ ಚುಕ್ಕೆಯೂ ಅದೇ. ಮೂವತ್ತು ವರ್ಷದಿಂದ ನಾನು ಮಾಡ್ತಿರೋದಕ್ಕೆ ಒಂದು ಹೆಸರಿದೆ ಅಂತ ತಿಳಿದದ್ದು ಬಿಯರ್ ಟ್ಯಾಂಕಿನ ಪಕ್ಕ ನಿಂತು.

ಕೆಲಸದ ಕ್ರಮವನ್ನೂ ಹೇಳಿದ. ಪುಡಿ ಮಾಡಿದ ಮಾಲ್ಟನ್ನು ಸುಮಾರು 65ರಿಂದ 68 ಡಿಗ್ರಿ ನೀರಿನಲ್ಲಿ ಒಂದು ಗಂಟೆ ಇಡ್ತಾರೆ, ಹಿಟ್ಟಿನ ಅಂಶವೆಲ್ಲ ಸಕ್ಕರೆ ಆಗುತ್ತೆ. ಆ ಸಿಹಿ ನೀರನ್ನ ಸೋಸಿ, ಹಾಪ್ಸ್ ಹಾಕಿ ಕುದಿಸಿ, ತಣಿಸಿ ಯೀಸ್ಟ್ ಬಿಡೋದು. ಏಲ್ ಆದರೆ 20 ಡಿಗ್ರಿ ಆಸುಪಾಸು, ಬೇಗ ಮುಗಿಯುತ್ತೆ. ಲಾಗರಿಗೆ 10 ಡಿಗ್ರಿ ಹತ್ತಿರ ಇಟ್ಟು ವಾರಗಟ್ಟಲೆ ಕಾಯಬೇಕು. ಟ್ಯಾಂಕು ಅಷ್ಟು ದಿನ ಅಡ್ಡ ನಿಲ್ಲುತ್ತೆ ಅಂತ ಸಣ್ಣ ಜಾಗದವರು ಏಲ್ ಕಡೆಗೇ ವಾಲ್ತಾರೆ. ಕ್ರಾಫ್ಟ್ ಬಿಯರ್ ಮೆನುವಿನಲ್ಲಿ ಲಾಗರ್ ಕಡಿಮೆ ಯಾಕೆ ಅನ್ನೋದಕ್ಕೆ ನನಗೆ ಸಿಕ್ಕ ಉತ್ತರ ಇದು.

ಆಮೇಲೆ ಅವನು ಒಂದು ಸ್ಟೌಟ್ ಹಿಡಿದು, ನನ್ನ ಕುಂದಾ ಒಂದು ಚಮಚ ಬಾಯಿಗಿಟ್ಟು, ಮೇಲೆ ಒಂದು ಗುಟುಕು ಹಾಕಿದ. ನನಗೂ ಹಾಗೇ ಮಾಡು ಅಂದ. ಸ್ಟೌಟಿನ ಹುರಿದ ಕಹಿ ಕುಂದಾದ ಸಿಹಿಯನ್ನ ಕತ್ತರಿಸುತ್ತೆ, ಕುಂದಾ ಆ ಕಹಿಯನ್ನ ಮೆತ್ತಗೆ ಮಾಡುತ್ತೆ. ಗೋವಾದವರ ಪದರು ಪದರಿನ ಸಿಹಿ ಬೆಬಿಂಕಾ ಜೊತೆಗೂ ನೋಡಿದೆ, ಚೆನ್ನಾಗೇ ಇತ್ತು, ಆದರೆ ನಾನು ನಮ್ಮೂರಿನ ಪರ. ಹಂದಿ ಮಾಂಸದ ಖಾರದ ಸಾಸೇಜು ಹಾಕಿದ ಚೋರಿಸ್ ಪಾವ್ ಜೊತೆ ಐಪಿಎ ಮಾತ್ರ ಬೇಡ. ಕಹಿ ಸೇರಿ ಖಾರ ಇನ್ನೂ ಏರುತ್ತೆ, ಕಿವಿಯಲ್ಲಿ ಹೊಗೆ. ರವೆ ಹಚ್ಚಿ ಕರಿದ ಮೀನಿಗೆ ಗೋಧಿ ಬಿಯರ್ ಚೆನ್ನಾಗಿ ಹೊಂದುತ್ತೆ.

ಎಲ್ಲ ಕಡೆ ಹೀಗೇ ಅಂತ ತಿಳಿಯಬೇಡಿ. ಅದೇ ಪ್ರಯಾಣದಲ್ಲಿ ಇನ್ನೊಂದು ಕಡೆ, ಹೆಸರು ಬೇಡ, ಲಾಗರ್ ತಂದಿಟ್ಟರು. ಮೂಗಿನ ಹತ್ತಿರ ಹೋದ ಕೂಡಲೇ ಬೆಣ್ಣೆ. ಬೆಣ್ಣೆ ವಾಸನೆಯಲ್ಲಿ ನನಗೆ ಮೋಸ ಮಾಡೋಕಾಗಲ್ಲ, ದಿನಾ ಅದರಲ್ಲೇ ಇರೋನು. ಕೇಳಿದರೆ "ಅದೇ ನಮ್ಮ ಸ್ಪೆಷಲ್" ಅಂದರು. ಪರಿಚಯದ ಆ ಕೊಂಕಣಿಯವನಿಗೆ ಫೋನ್ ಮಾಡಿದೆ. ಅದಕ್ಕೆ ಡೈಅಸಿಟೈಲ್ ಅಂತಾರಂತೆ, ಬೆಣ್ಣೆಯಲ್ಲಿ ಇರೋದೂ ಅದೇ ವಸ್ತು. ಯೀಸ್ಟ್ ಕೆಲಸ ಮಾಡುವಾಗ ಅದು ಹುಟ್ಟೇ ಹುಟ್ಟುತ್ತೆ. ಕೊನೆಗೆ ಒಂದೆರಡು ದಿನ ಸ್ವಲ್ಪ ಬೆಚ್ಚಗಿಟ್ಟು ಬಿಟ್ಟರೆ ಯೀಸ್ಟೇ ಅದನ್ನ ತಿಂದು ಮುಗಿಸುತ್ತೆ. ಗಡಿಬಿಡಿಯಲ್ಲಿ ಟ್ಯಾಂಕ್ ಖಾಲಿ ಮಾಡಿದರೆ ಹೀಗಾಗುತ್ತೆ. ಪೈಪು ಸರಿಯಾಗಿ ತೊಳೆಯದಿದ್ದರೆ ಬೆಣ್ಣೆ, ಹುಳಿ ಎರಡೂ ಬರಬಹುದು ಅಂದ. ನಾನು ಗ್ಲಾಸು ವಾಪಸ್ ಕೊಟ್ಟೆ. ಅವರು ಬಿಲ್ಲಿನಿಂದ ತೆಗೆಯಲಿಲ್ಲ.

ಕ್ಯಾನ್, ಬಾಟಲಿಗಳ ವಿಷಯ ಬೇಗ ಹೇಳ್ತೀನಿ. ಗೋವಾ ಬ್ರೂಯಿಂಗ್ ಕಂಪನಿಯ ಐಪಿಎಗೆ ಏಟ್ ಫಿಂಗರ್ ಎಡ್ಡಿ ಅಂತ ಹೆಸರು, ಅಂಜುನಾದಲ್ಲಿದ್ದ ಅಮೆರಿಕದ ಹಿಪ್ಪಿಯೊಬ್ಬನ ಅಡ್ಡಹೆಸರು ಅದು. ಮಾಕಾ ದಿ ಅಂತ ಇನ್ನೊಂದು ಬ್ರ್ಯಾಂಡು, ಅಂದ್ರೆ ಕೊಂಕಣಿಯಲ್ಲಿ "ನನಗೆ ಕೊಡು", ಕೇಳೋಕೆ ಇದಕ್ಕಿಂತ ಸುಲಭದ ಹೆಸರು ಬೇಕಾ? ಅದರ ಜೇನು ಹಾಕಿದ ಹನಿ ಏಲ್ ನನ್ನ ತಮ್ಮನಿಗೆ ಪ್ರಾಣ, ನನಗೆ ಅದೇ ಮನೆಯ ಬೆಲ್ಜಿಯನ್ ಬ್ಲಾಂಶ್ ಇಷ್ಟ, ಅದೇ ಕೊತ್ತಂಬರಿ ಕಾಳಿನ ಜಾತಿ. ಸುಸೆಗಾದೋ ಅನ್ನೋ ಬ್ರ್ಯಾಂಡೂ ಇದೆ, ಪೋರ್ಚುಗೀಸರಿಂದ ಬಂದ ಪದ, ಆರಾಮಾಗಿರೋದು ಅಂತ. ಕೊಳ್ಳುವಾಗ ಕ್ಯಾನಿನ ತಳದ ತಾರೀಖು ನೋಡಿ. ಹಾಪ್ಸ್ ವಾಸನೆ ಮೊದಲು ಹಾರಿ ಹೋಗೋದು, ಹಳೇ ಐಪಿಎ ಅಂದ್ರೆ ಬರೀ ಕಹಿ. ಅಂಗಡಿಯಲ್ಲಿ ಬಿಸಿಲಿಗೆ ಇಟ್ಟ ಹಸಿರು ಬಾಟಲಿ ಮುಟ್ಟಬೇಡಿ, ಬೆಳಕು ಬಿದ್ದರೆ ಹಾಪ್ಸ್ ಕೆಟ್ಟು ನಾರುತ್ತೆ.

ತರೋದು? ಬೇಡ. ಪರವಾನಗಿ ಇಲ್ಲದೆ ಗೋವಾದ ಮದ್ಯ ಕರ್ನಾಟಕದೊಳಗೆ ತರುವ ಹಾಗಿಲ್ಲ, ಕಣಕುಂಬಿಯಲ್ಲಿ ಬಸ್ಸಿನ ಚೀಲವನ್ನೂ ಬಿಚ್ಚಿಸ್ತಾರೆ. ನನ್ನ ಮುಂದಿನ ಸೀಟಿನವನ ಕೈಚೀಲದಿಂದ ಎರಡು ಬಾಟಲಿ ತೆಗೆದಾಗ ಅವನ ಮುಖ ನೋಡಬೇಕಿತ್ತು. ನನ್ನ ಚೀಲದಲ್ಲಿ ಇದ್ದದ್ದು ಒಂದು ಕಾಗದದ ಪೊಟ್ಟಣ. ಪೊಲೀಸಪ್ಪ ಬಿಚ್ಚಿ, ಮೂಸಿ, "ಏನ್ರೀ ಇದು, ಕಾಳಾ?" ಅಂದ. ಬಾರ್ಲಿ ಸಾಹೇಬ್ರ ಅಂದೆ. ಬಿಟ್ಟ.

ಆ ನಾಲ್ಕು ಥರದ ಮಾಲ್ಟು ಅದು, ನಾನು ಹೊರಡುವಾಗ ಕೊಂಕಣಿಯವನು ಕಟ್ಟಿ ಕೊಟ್ಟಿದ್ದ. ಮನೆಗೆ ಬಂದು ಅಪ್ಪನ ಮುಂದೆ ಸುರಿದೆ. ಅಪ್ಪ ಜೀವನದಲ್ಲಿ ಬಿಯರ್ ಮುಟ್ಟಿದವರಲ್ಲ. ಇದು ಏನು, ಎಲ್ಲಿಂದ ಅಂತ ನಾನೂ ಹೇಳಲಿಲ್ಲ. ಕಡಾಯಿ ಪಕ್ಕದಲ್ಲಿ ಕೂತು ಒಂದೊಂದೇ ಕಾಳು ಜಗಿದರು. ಮೂರನೆಯದಕ್ಕೆ ತಲೆ ಆಡಿಸಿದರು. ನಾಲ್ಕನೆಯ ಕರೀ ಕಾಳು ಬಾಯಿಗೆ ಹಾಕಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾರ್ ಹುರದಾರೋ ಇದನ್ನ? ಒಲಿ ಬಿಟ್ಟು ಎಲ್ಲೋ ಮಾತಾಡ್ಕೋತ ನಿಂತಿದ್ದ ನೋಡ ಅಂವ" ಅಂದರು.